ರವಿವಾರದ ಕಾಲ್ಚೆಂಡು ತಂಡ: ಕಟ್ಟುವ ಬಗೆ, ಉಳಿಸುವ ಬಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳ ಸೀಮೆಯ ಬಹುಭಾಗದಲ್ಲಿ ನೆಲದಡಿ ಸುಣ್ಣದ ಕಲ್ಲು, ನೆಲದ ಮೇಲೆ ತೊಗರಿಯ ಬೆಳೆ. ಕಲ್ಲು ಸಿಮೆಂಟಾಗಿಯೂ ಪರಸಿಯಾಗಿಯೂ ನಾಡಿನ ಮನೆಗಳನ್ನು ಸೇರಿದೆ. ತೊಗರಿ ಬೇಳೆಯಾಗಿ ಅಡಿಗೆಮನೆಗಳನ್ನು ಸೇರಿದೆ. ನಾಡಿಗೆ ಇಷ್ಟನ್ನು ಕೊಟ್ಟ ಸೀಮೆಯ ತರುಣರು ವಾರಕ್ಕೊಮ್ಮೆ ದೊರೆಯುವ ಬಿಡುವನ್ನು ಹೇಗೆ ಕಳೆಯುತ್ತಿದ್ದಾರೆ ಎಂದು ವಿಚಾರಿಸಿದರೆ ಮನಸ್ಸಿಗೆ ಸಮಾಧಾನವಾಗದು. ಚಹಾದಂಗಡಿಯ ಕಟ್ಟೆ, ಅಂಗೈಯಲ್ಲಿನ ಮೊಬೈಲು, ಊರಾಚೆಯ ಢಾಬಾ, ಇವಿಷ್ಟರಲ್ಲಿಯೇ ಅನೇಕರ ರವಿವಾರ ಮುಗಿದುಹೋಗುತ್ತಿದೆ. ಹಿಂದೆ ಗರಡಿಮನೆಗಳು ಪಡೆದಿದ್ದ ಸ್ಥಾನವನ್ನು ತುಂಬುವಂಥದು ಏನಾದರೂ ಬೇಕು ಎಂಬುದನ್ನು ಹಿರಿಯರೆಲ್ಲರೂ ಒಪ್ಪುತ್ತಾರೆ.

ಇಂಥ ಸಮಯದಲ್ಲಿ ಕೆಲವು ತರುಣರು ರವಿವಾರಕ್ಕೊಂದು ಫುಟ್‌ಬಾಲ್ ತಂಡ ಕಟ್ಟುವ ಆಸೆಯನ್ನು ನಮ್ಮಲ್ಲಿ ತೋಡಿಕೊಂಡರು. ಅವರಲ್ಲೊಬ್ಬರ ತಂದೆ ಮಾತ್ರ, "ಆಟದಿಂದ ಹೊಟ್ಟೆ ತುಂಬುತ್ತದೇನ್ರಿ ಅಯ್ಯನವರೇ? ಇವರ ಹುರುಪು ಎಷ್ಟು ದಿನ?" ಎಂದರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿದ ನಮಗೆ ಆಟದ ವಿಷಯದಲ್ಲಿ ಹೇಳಲು ಏನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಕಾಲ್ಚೆಂಡಾಟಕ್ಕೂ ಸೂತ್ರಗಳಿವೆ, ಅವು ಒಟ್ಟು ಹದಿನೇಳು. ಅವುಗಳನ್ನೂ ಈ ಆಟದ ಚರಿತ್ರೆಯನ್ನೂ ಓದಿ ತಿಳಿದ ಮೇಲೆ, ಆ ತಂದೆಯ ಎರಡನೆಯ ಪ್ರಶ್ನೆಯೇ ಮುಖ್ಯವೆಂದು ನಮಗೆ ಮನವರಿಕೆಯಾಯಿತು. ತಂಡ ಕಟ್ಟುವುದು ಒಂದು ದಿನದ ಕೆಲಸ. ಅದನ್ನು ಎರಡನೆಯ ವರ್ಷಕ್ಕೆ ಉಳಿಸುವುದೇ ನಿಜವಾದ ಕೆಲಸ. ಅಂಗಿ, ಹೆಸರು, ಉದ್ಘಾಟನೆಯ ಭಾವಚಿತ್ರ ಇವು ತಂಡವಲ್ಲ. ಯಾರೂ ಕರೆಯದಿದ್ದರೂ ಗೊತ್ತಾದ ಹೊತ್ತಿಗೆ, ಗೊತ್ತಾದ ಸ್ಥಳಕ್ಕೆ ಬಂದು ನಿಲ್ಲುವ ಹತ್ತಿಪ್ಪತ್ತು ಜನರೇ ತಂಡ. ಈ ದೃಷ್ಟಿಯಿಂದ ಕೆಲವು ವಿಚಾರಗಳನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ರವಿವಾರದ ಬಿಡುವು ಬಂದ ಬಗೆ

ವಾರದ ರಜೆಯನ್ನು ಇಂದು ನಾವು ಗಾಳಿ ಬೆಳಕುಗಳಂತೆ ಸಹಜವೆಂದು ಭಾವಿಸಿದ್ದೇವೆ. ಆದರೆ ದುಡಿಯುವವರು ಅದನ್ನು ಹೋರಾಡಿ ಪಡೆದರು. ಇಂಗ್ಲೆಂಡಿನಲ್ಲಿ ೧೮೫೦ರ ಕಾರ್ಖಾನೆ ಕಾನೂನು ಬಟ್ಟೆ ಗಿರಣಿಗಳಲ್ಲಿ ಸ್ತ್ರೀಯರ ಮತ್ತು ಎಳೆಯರ ಕೆಲಸ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನಿಲ್ಲಬೇಕೆಂದು ವಿಧಿಸಿತು. ಮುಂದೆ ಆ ಬಿಡುವು ಇತರ ದುಡಿಮೆಗಾರರಿಗೂ ಹಬ್ಬಿ, ಶನಿವಾರದ ಮಧ್ಯಾಹ್ನವೇ ಅಲ್ಲಿನ ಕಾಲ್ಚೆಂಡಾಟದ ಹೊತ್ತಾಯಿತು. ೧೮೫೭ರಲ್ಲಿ ಉಕ್ಕಿನ ಊರಾದ ಶೆಫೀಲ್ಡಿನಲ್ಲಿ ಮೊದಲ ಕಾಲ್ಚೆಂಡು ಸಂಘ ಹುಟ್ಟಿತು. ೧೮೬೩ರಲ್ಲಿ ಲಂಡನ್ನಿನಲ್ಲಿ ಎಲ್ಲ ಸಂಘಗಳಿಗೂ ಅನ್ವಯವಾಗುವ ನಿಯಮಗಳು ರೂಪುಗೊಂಡವು. ನಮ್ಮ ದೇಶದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ಹಲವು ವರ್ಷ ಹೋರಾಡಿದ ಫಲವಾಗಿ ೧೮೯೦ರ ಜೂನ್ ೧೦ರಂದು ರವಿವಾರದ ರಜೆ ದೊರೆಯಿತು.

ಸ್ವತಂತ್ರ ಭಾರತದ ೧೯೪೮ರ ಕಾರ್ಖಾನೆ ಕಾಯ್ದೆ ವಾರಕ್ಕೊಂದು ರಜೆಯನ್ನು ಕಡ್ಡಾಯಗೊಳಿಸಿತು. ಆ ರಜೆ ರವಿವಾರವೇ ಆಗಿರಬೇಕು; ಕೆಲಸದ ಅಗತ್ಯವಿದ್ದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನಗಳಲ್ಲಿ ಒಂದನ್ನು ಬದಲಿಗೆ ಕೊಡಬಹುದು ಎಂಬ ವಿನಾಯಿತಿಯೂ ಅದರಲ್ಲಿತ್ತು. ನಮ್ಮ ಸೀಮೆಯಲ್ಲಿ ತಂಡ ಕಟ್ಟುವವರು ಈ ವಿನಾಯಿತಿಯನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಸಿಮೆಂಟಿನ ಭಟ್ಟಿ ಹಗಲಿರುಳು ಉರಿಯುವಂಥದು, ರವಿವಾರವೆಂದು ಅದನ್ನು ಆರಿಸಲಾಗದು. ವಾಡಿ ಜಂಕ್ಷನ್ನಿನಲ್ಲಿ ರೈಲು ಬಂಡಿಗಳೂ ರವಿವಾರ ನಿಲ್ಲುವುದಿಲ್ಲ. ಪಾಳಿಯ ಮೇಲೆ ದುಡಿಯುವ ತರುಣನಿಗೆ ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ರಾತ್ರಿಯಿಡೀ ದುಡಿದು ಬಂದವನನ್ನು ಮುಂಜಾನೆ ಆರಕ್ಕೆ ಮೈದಾನಕ್ಕೆ ಎಳೆದು ತರುವುದು ಧರ್ಮವಲ್ಲ, ಅವನ ಆರೋಗ್ಯಕ್ಕೂ ಹಿತವಲ್ಲ. ಆದುದರಿಂದ ಹನ್ನೊಂದು ಜನ ಆಡುವ ತಂಡಕ್ಕೆ ಇಪ್ಪತ್ತೆರಡು ಜನರ ಪಟ್ಟಿ ಇರಬೇಕು. ಆ ಪಟ್ಟಿಯ ಪಕ್ಕದಲ್ಲಿ ಅವರವರ ಪಾಳಿಯೂ ಬರೆದಿರಬೇಕು. ಹನ್ನೊಂದು ಜನರನ್ನೇ ನಂಬಿ ಹೊರಟ ತಂಡ ಮೂರನೆಯ ರವಿವಾರಕ್ಕೆ ಏಳು ಜನರದಾಗುತ್ತದೆ, ಐದನೆಯ ರವಿವಾರಕ್ಕೆ ನಿಂತುಹೋಗುತ್ತದೆ.

ಶಾಲಾ ಮಾಸ್ತರರೊಬ್ಬರ ನಿದರ್ಶನ

೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಗುವವರೆಗೆ ನಮ್ಮ ಈ ತಾಲೂಕುಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ರಾಜಧಾನಿಯಲ್ಲಿ ಕಾಲ್ಚೆಂಡಾಟವನ್ನು ಬೆಳೆಸಿದವರು ಸೈಯದ್ ಅಬ್ದುಲ್ ರಹೀಮರು. ವೃತ್ತಿಯಿಂದ ಶಾಲಾ ಮಾಸ್ತರರಾಗಿದ್ದ ಅವರು ೧೯೪೩ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. ಅವರ ಕೈಯಲ್ಲಿ ಪಳಗಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ ೧೯೫೦ರಿಂದ ೧೯೫೪ರವರೆಗೆ ಮುಂಬಯಿಯ ರೋವರ್ಸ್ ಕಪ್ಪನ್ನು ಸತತವಾಗಿ ಐದು ಬಾರಿ ಗೆದ್ದಿತು. ಅವರ ತರಬೇತಿಯಲ್ಲಿಯೇ ಭಾರತ ೧೯೫೧ರ ದೆಹಲಿಯ ಮತ್ತು ೧೯೬೨ರ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗಳಿಸಿತು; ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಕ್ಯಾನ್ಸರಿನಿಂದ ಬಳಲುತ್ತಲೇ ಜಕಾರ್ತಕ್ಕೆ ತಂಡವನ್ನು ಕರೆದೊಯ್ದ ಅವರು ಮರುವರ್ಷ, ೧೯೬೩ರ ಜೂನ್ ತಿಂಗಳಲ್ಲಿ ತೀರಿಕೊಂಡರು.

ಈ ಮಾಸ್ತರರ ಕ್ರಮದಲ್ಲಿ ರವಿವಾರದ ತಂಡಕ್ಕೆ ಪಾಠವಾಗುವ ಅಂಶವೊಂದಿದೆ. ಚೆಂಡನ್ನು ತಾನೊಬ್ಬನೇ ಕಾಲಲ್ಲಿ ಆಡಿಸುತ್ತ ಓಡುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಹೈದರಾಬಾದಿನಲ್ಲಿ ಏರ್ಪಡಿಸುತ್ತಿದ್ದರು. ಬಂದ ಚೆಂಡನ್ನು ಜೊತೆಗಾರನಿಗೆ ದಾಟಿಸಲೇಬೇಕು. ಬಳಕೆಯಿಲ್ಲದ ಕಾಲಿನಿಂದ ಆಡುವಂತೆಯೂ, ಕಡಿಮೆ ಜನರ ಚಿಕ್ಕ ತಂಡಗಳಾಗಿ ಆಡುವಂತೆಯೂ ಅವರು ಪಂದ್ಯಗಳನ್ನು ರೂಪಿಸಿದರು. ಇದರಿಂದ, ಹೊಸದಾಗಿ ಬಂದ ಹುಡುಗನಿಗೂ ಚೆಂಡು ಸಿಕ್ಕಿತು. ನಿಪುಣನಿಗೆ ಇತರರನ್ನು ನೋಡಿ ಆಡುವ ಅಭ್ಯಾಸವಾಯಿತು. ನಮ್ಮ ಊರುಗಳ ಹವ್ಯಾಸಿ ತಂಡಗಳು ಒಡೆಯುವುದಕ್ಕೆ ಬಹುಪಾಲು ಕಾರಣ ಒಂದೇ: ಇಬ್ಬರು ಚೆನ್ನಾಗಿ ಆಡಬಲ್ಲವರು ಚೆಂಡನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಾರೆ, ಉಳಿದವರು ಬೇಸತ್ತು ಬರುವುದನ್ನು ಬಿಡುತ್ತಾರೆ. ರಹೀಮ್ ಮಾಸ್ತರರ ಕ್ರಮ ಈ ರೋಗಕ್ಕೆ ಮದ್ದು.

ಹಳೆಯ ಮೈಸೂರು ಸೀಮೆಯ ಚರಿತ್ರೆಯೂ ಹೆಮ್ಮೆ ತರುವಂಥದು. ೧೯೩೭ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿ ಬೆಂಗಳೂರಿನ 'ಬೆಂಗಳೂರು ಮುಸ್ಲಿಮ್ಸ್' ತಂಡದ್ದು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ ೧–೨ರಿಂದ ಸೋತಾಗ ನಮ್ಮ ಪರವಾಗಿ ಬಂದ ಒಂದು ಗೋಲು ಮೈಸೂರಿನ ಪರ ಆಡುತ್ತಿದ್ದ ಎಸ್. ರಾಮನ್ ಅವರದು. ಆ ತಂಡದ ಬಹುತೇಕರು ಅಂದು ಬರಿಗಾಲಿನಲ್ಲಿ ಆಡಿದರು. ಸಂತೋಷ್ ಟ್ರೋಫಿಯನ್ನು ಮೈಸೂರು ೧೯೬೮–೬೯ರಲ್ಲಿ ನಾಲ್ಕನೆಯ ಬಾರಿ ಗೆದ್ದ ಮೇಲೆ, ಮತ್ತೆ ಆ ಪ್ರಶಸ್ತಿ ಕರ್ನಾಟಕಕ್ಕೆ ಬಂದದ್ದು ೨೦೨೩ರ ಮಾರ್ಚ್ ೪ರಂದು, ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು ೩–೨ರಿಂದ ಮಣಿಸಿದಾಗ. ನಡುವೆ ಕಳೆದ ವರ್ಷಗಳು ಐವತ್ತನಾಲ್ಕು. ಆಟದ ಬೇರು ಊರೂರುಗಳಲ್ಲಿ ಇಳಿದಿದ್ದರೆ ಇಷ್ಟು ದೀರ್ಘವಾಗಿ ಕಾಯಬೇಕಾಗುತ್ತಿರಲಿಲ್ಲವೇನೋ.

ಮೊದಲು ಜನ, ಆಮೇಲೆ ಹೆಸರು

ತಂಡಕ್ಕೆ ಮೊದಲ ತಿಂಗಳು ಹೆಸರಿಡುವುದು ಬೇಡ. ಹತ್ತು ಜನ ಸೇರಿದರೆ ಐದೈದು ಜನರ ಎರಡು ಗುಂಪಾಗುತ್ತದೆ. ಆಟ ಆರಂಭಿಸಲು ಅಷ್ಟು ಸಾಕು. ನಾಲ್ಕು ರವಿವಾರ ತಪ್ಪದೆ ಬಂದವರ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ. ಪೂರ್ಣ ಪ್ರಮಾಣದ ಪಂದ್ಯಕ್ಕೆ ಒಂದು ಕಡೆ ಹನ್ನೊಂದು ಜನ ಬೇಕಾದರೂ, ಏಳಕ್ಕಿಂತ ಕಡಿಮೆಯಾದರೆ ಮಾತ್ರ ಪಂದ್ಯ ನಡೆಸಕೂಡದೆಂಬುದು ನಿಯಮ.

ಈ ಪಟ್ಟಿಯ ವಿಷಯದಲ್ಲಿ ನಮ್ಮ ಸಮಾಜದ ಮನೆಗಳಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ತಂಡ ಒಂದೇ ಓಣಿಯದಾಗಲಿ, ಒಂದೇ ಜಾತಿಯದಾಗಲಿ, ಒಂದೇ ಪಕ್ಷದ್ದಾಗಲಿ ಆಗಬಾರದು. ಕಾರ್ಖಾನೆಯ ಕಾಲನಿಯ ಹುಡುಗ, ಕಲ್ಲು ಗಣಿಯಲ್ಲಿ ದುಡಿಯುವವನ ಮಗ, ಸಂತೆಯಲ್ಲಿ ಬಳೆ ಮಾರುವವರ ಮನೆಯವನು, ತಾಂಡಾದಿಂದ ಸೈಕಲ್ ತುಳಿದು ಬರುವವನು, ಉತ್ತರ ಭಾರತದಿಂದ ಬಂದು ನೆಲೆಸಿದ ಗುತ್ತಿಗೆ ಕಾರ್ಮಿಕ ಎಲ್ಲರೂ ಒಂದೇ ಅಂಗಿಯಲ್ಲಿ ನಿಲ್ಲಬೇಕು. ಹುಟ್ಟಿನಿಂದ ಮೇಲು ಕೀಳೆಂಬುದನ್ನು ತಳ್ಳಿಹಾಕಿದ ಶರಣರ ಹೆಸರು ಹೇಳುವ ನಾವು, ಮೈದಾನದಲ್ಲಿ ಮಕ್ಕಳು ಯಾರ ಪಕ್ಕ ನಿಂತರೆಂದು ಲೆಕ್ಕ ಹಾಕುವುದು ಸಲ್ಲದು. ಇದರಲ್ಲಿ ವ್ಯವಹಾರದ ಸತ್ಯವೂ ಅಡಗಿದೆ. ಓಣಿಯ ಹೆಸರಿನ ತಂಡಕ್ಕೆ ಪ್ರತಿ ಸೋಲೂ ಓಣಿಯ ಅವಮಾನವಾಗಿ, ಆಟದ ಜಗಳ ಊರಿನ ಜಗಳವಾಗುತ್ತದೆ. ಹೆಸರಿಡುವ ಕಾಲ ಬಂದಾಗ ಊರಿನ ಹೆಸರನ್ನೇ ಇಡುವುದು ಲೇಸು.

ಹೊಣೆಯನ್ನು ಮೂವರಿಗೆ ಹಂಚಬೇಕು. ನಾಯಕನದು ಮೈದಾನದ ಒಳಗಿನ ಕೆಲಸ. ಕಾರ್ಯದರ್ಶಿ ಪ್ರತಿ ಶನಿವಾರ ಸಂಜೆ ಎಲ್ಲರಿಗೂ ಫೋನ್ ಮಾಡಿ, ನಾಳೆ ಯಾರು ಬರುವರು, ಯಾರಿಗೆ ಪಾಳಿ ಎಂಬುದನ್ನು ತಿಳಿದುಕೊಳ್ಳಬೇಕು. ಹೊರಗೆ ಕಾಣದ ಈ ಕೆಲಸವೇ ತಂಡದ ಉಸಿರು. ಖಜಾಂಚಿ ಹಣದ ಲೆಕ್ಕ ಇಡಬೇಕು. ನಾಯಕನೂ ಖಜಾಂಚಿಯೂ ಒಬ್ಬನೇ ಆಗಿರಬಾರದು. ನಿವೃತ್ತರಾದ ಪಿ.ಟಿ. ಮಾಸ್ತರರೊಬ್ಬರು ಊರಲ್ಲಿದ್ದರೆ ಅವರನ್ನು ಗೌರವದಿಂದ ಕರೆತಂದು ಕೂಡಿಸಿದರೆ ಅರ್ಧ ಭಾರ ಇಳಿದಂತೆ. ಇನ್ನೊಂದು ನಿಯಮವನ್ನು ಮೊದಲ ದಿನವೇ ಎಲ್ಲರೂ ಒಪ್ಪಬೇಕು: ಅಭ್ಯಾಸಕ್ಕೆ ತಪ್ಪದೆ ಬಂದವನಿಗೆ, ಅವನ ಆಟ ಹೇಗೇ ಇರಲಿ, ಅರ್ಧ ಪಂದ್ಯವಾದರೂ ಆಡಲು ಅವಕಾಶ ಕೊಡಲೇಬೇಕು.

ನೆಲ ಮತ್ತು ಗೆರೆ

ನಮ್ಮ ಸೀಮೆಯ ನೆಲ ಆಟಗಾರನಿಗೆ ಎರಡು ಬಗೆಯ ಕಷ್ಟ ಕೊಡುತ್ತದೆ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಪಾದ ಸಿಕ್ಕರೆ ಹಿಮ್ಮಡಿ ಹೊರಳುತ್ತದೆ. ಮಳೆಗಾಲದಲ್ಲಿ ಅದೇ ನೆಲ ಕಾಲಿಗೆ ಅಂಟಿ ಓಡಗೊಡದು. ಪರಸಿ ಕಲ್ಲಿನ ಗಟ್ಟಿ ನೆಲದಲ್ಲಿ ಬಿದ್ದರೆ ಮೊಣಕಾಲು ಉಳಿಯದು. ಶಾಲೆ ಕಾಲೇಜುಗಳ ಮೈದಾನ, ಕಾರ್ಖಾನೆಯ ಕಾಲನಿಯ ಬಯಲು, ಜಾತ್ರೆಯ ಬಯಲು ಇವುಗಳಲ್ಲಿ ಯಾವುದು ಸಮತಟ್ಟಾಗಿದೆಯೋ ಅದನ್ನು ಆರಿಸಿ, ಸಂಬಂಧಪಟ್ಟವರಿಗೆ ಅರ್ಜಿ ಬರೆದು, ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಮುಖ್ಯೋಪಾಧ್ಯಾಯರ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಡೆದು ಕಲ್ಲು, ಗಾಜು, ಮುಳ್ಳು ಆಯ್ದು ಹಾಕುವುದು ಪ್ರತಿ ವಾರದ ನೇಮವಾಗಲಿ.

ನಿಯಮದ ಪ್ರಕಾರ ಮೈದಾನದ ಉದ್ದ ೯೦ರಿಂದ ೧೨೦ ಮೀಟರ್, ಅಗಲ ೪೫ರಿಂದ ೯೦ ಮೀಟರ್ ಇರಬಹುದು. ಗೋಲಿನ ಕಂಬಗಳ ನಡುವಿನ ಅಂತರ ೭.೩೨ ಮೀಟರ್, ಮೇಲಿನ ಅಡ್ಡಪಟ್ಟಿಯ ಎತ್ತರ ೨.೪೪ ಮೀಟರ್. ಐದೈದು ಜನರ ಆಟಕ್ಕೆ ಇಷ್ಟು ಬೇಡ. ನಲವತ್ತು ಹೆಜ್ಜೆ ಉದ್ದ, ಇಪ್ಪತ್ತೈದು ಹೆಜ್ಜೆ ಅಗಲ, ಗೋಲಿಗೆ ಎರಡೆರಡು ಇಟ್ಟಿಗೆ ಸಾಕು. ಕಬ್ಬಿಣದ ಗೋಲು ಮಾಡಿಸಿದರೆ ಅದನ್ನು ನೆಲಕ್ಕೆ ಭದ್ರವಾಗಿ ಹೂಳಬೇಕು ಅಥವಾ ಬಿಗಿದು ಕಟ್ಟಬೇಕು. ಸುಮ್ಮನೆ ನಿಲ್ಲಿಸಿದ ಗೋಲು ಉರುಳಿಬಿದ್ದು ಮಕ್ಕಳು ಪ್ರಾಣ ಕಳೆದುಕೊಂಡ ಪ್ರಸಂಗಗಳು ಹಲವು ದೇಶಗಳಲ್ಲಿ ನಡೆದಿವೆ.

ಗೆರೆ ಹಾಕುವಾಗ ಇನ್ನೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ಸುಣ್ಣ ಸುಲಭವಾಗಿ ಸಿಗುವುದರಿಂದ ಗೋಡೆಗೆ ಬಳಿಯುವ ಸುಣ್ಣದ ಪುಡಿಯನ್ನೇ ಚೆಲ್ಲುವ ರೂಢಿಯಿದೆ. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಬೆವರಿದ ಮೈಯನ್ನೂ ಅದು ಸುಡುತ್ತದೆ. ಸುಡದೆ ಬೀಸಿದ ಸುಣ್ಣಕಲ್ಲಿನ ಪುಡಿಯನ್ನಾಗಲಿ, ಖಡುವಿನ ಪುಡಿಯನ್ನಾಗಲಿ ಬಳಸಬೇಕು.

ಹಣ ಮತ್ತು ಲೆಕ್ಕ

ಬೇಕಾದ ಸಾಮಗ್ರಿ ಹೆಚ್ಚೇನಲ್ಲ. ಐದನೆಯ ಅಳತೆಯ ಎರಡು ಚೆಂಡು (ಸುತ್ತಳತೆ ೬೮ರಿಂದ ೭೦ ಸೆಂಟಿಮೀಟರ್, ತೂಕ ೪೧೦ರಿಂದ ೪೫೦ ಗ್ರಾಂ), ಗಾಳಿ ತುಂಬುವ ಪಂಪು, ಎರಡು ಬಣ್ಣದ ಬನಿಯನ್ನುಗಳು, ನೀರಿನ ಕೊಡ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪ್ರತಿಯೊಬ್ಬನೂ ಬೂಟನ್ನೂ ಮೊಣಕಾಲ ಕೆಳಗಿನ ಎಲುಬನ್ನು ಕಾಯುವ ಕಾಲ್ಕಾಪನ್ನೂ ತಾನೇ ತಂದುಕೊಳ್ಳಬೇಕು. ಪಂದ್ಯದಲ್ಲಿ ಕಾಲ್ಕಾಪು ಕಡ್ಡಾಯ. ೧೯೪೮ರ ಬರಿಗಾಲಿನ ಆಟ ಚರಿತ್ರೆಯಲ್ಲಿ ಶೋಭಿಸಲಿ. ಇಂದಿನ ಹುಡುಗರಿಗೆ ಬೂಟು ಬೇಕು. ಬೂಟು ಕೊಳ್ಳಲಾಗದವನಿಗೆ, ಯಾರಿಗೂ ತಿಳಿಯದಂತೆ, ತಂಡದ ಹಣದಿಂದ ಕೊಡಿಸುವುದು ದಾಸೋಹದ ನಿಜವಾದ ರೀತಿ.

ತಿಂಗಳ ವಂತಿಗೆ ಅತ್ಯಂತ ಬಡವನೂ ಕೊಡಬಲ್ಲಷ್ಟಿರಲಿ. ಪ್ರತಿ ತಿಂಗಳ ಮೊದಲ ರವಿವಾರ ಆಟ ಮುಗಿದ ಮೇಲೆ ಖಜಾಂಚಿ ಎಲ್ಲರ ಎದುರಿಗೆ ಲೆಕ್ಕ ಓದಬೇಕು. ಹತ್ತು ರೂಪಾಯಿಯ ಲೆಕ್ಕವನ್ನು ಓದುವ ಅಭ್ಯಾಸವಿಲ್ಲದ ತಂಡ ಹತ್ತು ಸಾವಿರ ಬಂದಾಗ ಒಡೆಯುತ್ತದೆ. ಹೊರಗಿನ ದೇಣಿಗೆ ಸ್ವೀಕರಿಸುವ ಹಂತಕ್ಕೆ ಬಂದರೆ ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನು ನೋಂದಾಯಿಸುವುದು ಯುಕ್ತ; ಅದಕ್ಕೆ ಕನಿಷ್ಠ ಏಳು ಜನ ಸದಸ್ಯರು ಬೇಕು. ಚುನಾವಣೆಯ ವರ್ಷದಲ್ಲಿ ತಮ್ಮ ಭಾವಚಿತ್ರವುಳ್ಳ ಅಂಗಿಗಳನ್ನು ಹಂಚಲು ಮುಂದೆ ಬರುವವರಿಗೆ ಕೊರತೆಯಿರದು. ಆ ಅಂಗಿ ತೊಟ್ಟ ದಿನವೇ ತಂಡ ಅರ್ಧ ಊರಿಗೆ ಪರಕೀಯವಾಗುತ್ತದೆ ಎಂಬುದನ್ನು ತರುಣರು ಮರೆಯಬಾರದು.

ಎರಡು ತಾಸಿನ ಕ್ರಮ

ವಾರಕ್ಕೊಮ್ಮೆ ಸೇರುವವರು ಆ ಎರಡು ತಾಸನ್ನು ವ್ಯರ್ಥಗೊಳಿಸಬಾರದು. ಮೊದಲ ಹದಿನೈದು ನಿಮಿಷ ನಿಧಾನದ ಓಟ, ಕೈಕಾಲು ಸಡಿಲಿಸುವ ವ್ಯಾಯಾಮ. ಆರು ದಿನ ಕುರ್ಚಿಯಲ್ಲಿ ಕುಳಿತವನು ಏಳನೆಯ ದಿನ ಏಕಾಏಕಿ ಓಡಿದರೆ ತೊಡೆಯ ಸ್ನಾಯು ಸೆಳೆಯುವುದು ಖಂಡಿತ. ಮುಂದಿನ ಅರ್ಧ ತಾಸು ಇಬ್ಬಿಬ್ಬರಾಗಿ ಚೆಂಡು ದಾಟಿಸುವ ಅಭ್ಯಾಸ, ಒಮ್ಮೆ ಬಲಗಾಲು, ಒಮ್ಮೆ ಎಡಗಾಲು. ಅನಂತರ ಇಪ್ಪತ್ತು ನಿಮಿಷ ಚಿಕ್ಕ ಗುಂಪುಗಳ ಆಟ. ಇದರಲ್ಲಿ ಒಬ್ಬನು ಚೆಂಡನ್ನು ಎರಡು ಬಾರಿಗಿಂತ ಹೆಚ್ಚು ಮುಟ್ಟಕೂಡದು. ಕೊನೆಗೆ ಇಪ್ಪತ್ತರ ಎರಡು ಅವಧಿಗಳ ಪಂದ್ಯ. ನಿಯಮದಲ್ಲಿ ನಲವತ್ತೈದು ನಿಮಿಷಗಳ ಎರಡು ಅವಧಿಗಳಿದ್ದರೂ, ಅಭ್ಯಾಸವಿಲ್ಲದ ದೇಹಕ್ಕೆ ಮೊದಲ ಮೂರು ತಿಂಗಳು ಅದು ಹೆಚ್ಚಾಗುತ್ತದೆ. ಮುಗಿದ ಮೇಲೆ ಐದು ನಿಮಿಷ ವೃತ್ತಾಕಾರವಾಗಿ ಕುಳಿತು ಮಾತನಾಡಬೇಕು. ಅಲ್ಲಿ ಮೊದಲು ಕಿರಿಯರು ಮಾತನಾಡಲಿ.

ಹದಿನೇಳು ನಿಯಮಗಳಲ್ಲಿ ವಾರಕ್ಕೊಂದನ್ನು ಓದಿ ಚರ್ಚಿಸಿದರೆ ನಾಲ್ಕು ತಿಂಗಳಲ್ಲಿ ಎಲ್ಲವೂ ತಿಳಿಯುತ್ತವೆ. ಪ್ರತಿ ವಾರ ಒಬ್ಬೊಬ್ಬನು ಸರದಿಯಂತೆ ರೆಫರಿಯಾಗಬೇಕು. ಒಮ್ಮೆ ಸೀಟಿ ಹಿಡಿದು ನಿಂತವನು ಮುಂದೆ ರೆಫರಿಯೊಡನೆ ಜಗಳಕ್ಕೆ ಇಳಿಯುವುದಿಲ್ಲ. ತೀರ್ಪು ಕೊಡುವುದು ಎಷ್ಟು ಕಷ್ಟವೆಂಬುದು ಅವನಿಗೆ ತಿಳಿದಿರುತ್ತದೆ.

ಬಿಸಿಲು, ಸಿಡಿಲು, ಪೆಟ್ಟು

ಕಲಬುರಗಿ ಸೀಮೆಯಲ್ಲಿ ಬೇಸಿಗೆಯ ಶಾಖ ೪೨ ಡಿಗ್ರಿ ದಾಟುವುದು ಅಪರೂಪವಲ್ಲ. ಮಾರ್ಚ್‌ನಿಂದ ಮೊದಲ ಮಳೆಯವರೆಗೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಆಟ ಮುಗಿಯಬೇಕು. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನಿಲ್ಲಿಸಿ ನೀರು ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆ ಇನ್ನೂ ಉತ್ತಮ. ಆಡುವವನು ಅಸಂಬದ್ಧವಾಗಿ ಮಾತನಾಡತೊಡಗಿದರೆ, ತಲೆ ತಿರುಗಿ ತೂರಾಡಿದರೆ ಅದನ್ನು ದಣಿವೆಂದು ತಿಳಿಯಬಾರದು. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತ, ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಮುಂಗಾರಿಗೆ ಮುಂಚಿನ ಮತ್ತು ಹಿಂಗಾರಿನ ಮಳೆಗಳಲ್ಲಿ ಬಯಲಿನ ಮೇಲೆ ಸಿಡಿಲೆರಗುವ ಭಯವಿದೆ. ಗುಡುಗು ಕೇಳಿದೊಡನೆ ಮೈದಾನ ಬಿಟ್ಟು ಕಟ್ಟಡದೊಳಗೆ ಹೋಗಬೇಕು, ಮರದಡಿಗೆ ಹೋಗಬಾರದು. ಕೊನೆಯ ಗುಡುಗಿನ ಅನಂತರ ಅರ್ಧ ತಾಸು ಕಳೆಯುವವರೆಗೆ ಹಿಂದಿರುಗಕೂಡದು.

ಹಿಮ್ಮಡಿ ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವ ರೂಢಿ ನಮ್ಮಲ್ಲಿದೆ. ಮೊದಲ ಎರಡು ದಿನ ತಿಕ್ಕಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿಟ್ಟು ವಿಶ್ರಾಂತಿ ಕೊಡಬೇಕು. ತಲೆಗೆ ಪೆಟ್ಟು ಬಿದ್ದು ಕ್ಷಣಕಾಲ ಮಂಕಾದವನು ಎಷ್ಟೇ ಹಟ ಮಾಡಿದರೂ ಅಂದು ಮತ್ತೆ ಆಡಕೂಡದು, ವೈದ್ಯರಿಗೆ ತೋರಿಸಿಯೇ ಮನೆಗೆ ಕಳುಹಿಸಬೇಕು.

ಮನೆಯವರ ಸಂದೇಹಗಳು

ಆಟದಿಂದ ಓದು ಕೆಡುವುದೇ ಎಂಬುದು ತಾಯಿತಂದೆಗಳ ಮೊದಲ ಸಂದೇಹ. ವಾರಕ್ಕೆ ಎರಡು ತಾಸಿನ ಆಟದಿಂದ ಯಾರ ಓದೂ ಕೆಡದು. ಆಟದ ಹೆಸರಿನಲ್ಲಿ ಇಡೀ ದಿನ ಹೊರಗೆ ಕಳೆದರೆ ಕೆಡುವುದು. ಆದುದರಿಂದ ಆರಂಭದ ಹೊತ್ತಿನಂತೆ ಮುಗಿಯುವ ಹೊತ್ತೂ ನಿಶ್ಚಿತವಾಗಿರಬೇಕು, ಅದು ಮನೆಯವರಿಗೆ ತಿಳಿದಿರಬೇಕು. ಗೆದ್ದ ಸಂತೋಷದಲ್ಲಿ ಢಾಬಾಕ್ಕೆ ಹೋಗುವ ಚಟ ಒಮ್ಮೆ ಹತ್ತಿದರೆ, ಯಾವ ದುರಭ್ಯಾಸವನ್ನು ಬಿಡಿಸಲು ತಂಡ ಕಟ್ಟಿದೆವೋ ಅದಕ್ಕೇ ತಂಡ ದಾರಿಯಾಗುತ್ತದೆ. ಮದ್ಯ ಮುಟ್ಟಿ ಬಂದವನಿಗೆ ಅಂದು ಆಟವಿಲ್ಲ ಎಂಬ ಕಟ್ಟಳೆಯನ್ನು ನಾಯಕನಿಂದ ಹಿಡಿದು ಎಲ್ಲರೂ ಪಾಲಿಸಬೇಕು.

ಎರಡನೆಯ ಸಂದೇಹ ನಮ್ಮ ಆಚಾರಕ್ಕೆ ಸಂಬಂಧಿಸಿದ್ದು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸಬಾರದು ಎಂಬುದು ಲಿಂಗಧಾರಿಗಳ ನಿಷ್ಠೆ. ಆಟದ ನಾಲ್ಕನೆಯ ನಿಯಮವಾದರೋ ತನಗಾಗಲಿ ಇತರರಿಗಾಗಲಿ ಅಪಾಯಕರವಾದುದನ್ನು ಧರಿಸಿ ಆಡಬಾರದೆನ್ನುತ್ತದೆ. ಸರ, ಉಂಗುರ, ಕಡಗ, ಓಲೆ ಮುಂತಾದ ಆಭರಣಗಳನ್ನು ತೆಗೆದಿಡಬೇಕು. ಅವುಗಳ ಮೇಲೆ ಪಟ್ಟಿ ಸುತ್ತುವುದೂ ಸಲ್ಲದು. ಈ ನಿಯಮದ ಲಕ್ಷ್ಯ ಯಾರ ಧರ್ಮದ ಮೇಲೂ ಇಲ್ಲ, ಅದು ಮೈಗೆ ಬಡಿಯುವ ಗಟ್ಟಿ ವಸ್ತುವಿನ ಮೇಲೆ, ಕೊರಳಿಗೆ ಬಿಗಿಯಬಹುದಾದ ದಾರದ ಮೇಲೆ ಇದೆ. ಬೆಳ್ಳಿಯ ಕರಡಿಗೆಯನ್ನು ಕೊರಳಲ್ಲಿ ತೂಗಿಕೊಂಡು ಓಡುವಾಗ ಎದುರಾಳಿ ಬಂದು ಬಡಿದರೆ ಇಬ್ಬರಿಗೂ ಪೆಟ್ಟಾಗುತ್ತದೆ. ಕರಡಿ­ಗೆಯನ್ನು ಬಿಟ್ಟು ಮೆತ್ತನೆಯ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ಅಗಲವಾದ ಬಟ್ಟೆಯಿಂದ ಮೈಗೆ ಹೊಂದಿಕೊಳ್ಳುವಂತೆ ಒಳಗೆ ಕಟ್ಟಿಕೊಂಡು, ಆಟಕ್ಕೆ ಮೊದಲೇ ರೆಫರಿಗೆ ತಿಳಿಸಿ ಅವರ ಒಪ್ಪಿಗೆ ಕೇಳುವುದು ಒಂದು ದಾರಿ. ಅವರು ಒಪ್ಪದಿದ್ದರೆ ಅಂದು ಗೆರೆಯ ಆಚೆ ನಿಂತು ತಂಡಕ್ಕೆ ನೆರವಾಗುವುದು ಲೇಸು. ಆಟಕ್ಕಾಗಿ ನಿಷ್ಠೆಯನ್ನೂ ಬಿಡಬೇಕಾಗಿಲ್ಲ, ನಿಷ್ಠೆಯ ಹೆಸರಿನಲ್ಲಿ ಇನ್ನೊಬ್ಬನ ಮೈಗೆ ಗಾಯವನ್ನೂ ಮಾಡಬೇಕಾಗಿಲ್ಲ. ಈ ವಿಷಯದಲ್ಲಿ ತಮ್ಮ ತಮ್ಮ ಗುರುಗಳನ್ನು ಮುಂಚಿತವಾಗಿ ಕೇಳಿ ತಿಳಿಯುವುದು ಉಚಿತ.

ಹೆಣ್ಣುಮಕ್ಕಳು ಆಡಬಹುದೇ ಎಂಬುದು ಮೂರನೆಯ ಸಂದೇಹ. ೨೦೨೫ರ ಜುಲೈಯಲ್ಲಿ ಭಾರತದ ಮಹಿಳೆಯರ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲಿಯೇ ೨–೧ರಿಂದ ಸೋಲಿಸಿ, ೨೦೨೬ರ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಗಂಡಿಗೆ ಹಿತವಾದ ಓಟ ಹೆಣ್ಣಿಗೆ ಅಹಿತವಾಗುವುದು ಹೇಗೆ? ಅವರಿಗೆ ಪ್ರತ್ಯೇಕ ಹೊತ್ತು, ಜೊತೆಗೊಬ್ಬ ಶಿಕ್ಷಕಿ, ಬಟ್ಟೆ ಬದಲಿಸಲು ಮರೆಯ ಸ್ಥಳ, ಶೌಚಾಲಯ ಇವಿಷ್ಟನ್ನು ಏರ್ಪಡಿಸುವುದು ಹಿರಿಯರ ಹೊಣೆ.

ಐದು ಊರು, ಹತ್ತು ಪಂದ್ಯ

ತನ್ನಲ್ಲಿಯೇ ಆಡುತ್ತಿರುವ ತಂಡ ಆರು ತಿಂಗಳಲ್ಲಿ ಬೇಸರಗೊಳ್ಳುತ್ತದೆ. ಹೊರಗಿನ ಊರಿನವರೊಡನೆ ಆಡುವ ನಿರೀಕ್ಷೆ ಅದನ್ನು ಎಚ್ಚರವಾಗಿಡುತ್ತದೆ. ಈ ಐದು ಊರುಗಳು ಅದಕ್ಕೆ ಹೇಳಿಮಾಡಿಸಿದಂತಿವೆ. ನಿಜಾಮರ ಕಾಲದಲ್ಲಿ, ೧೮೭೪ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ತೆರೆದ ರೈಲುಮಾರ್ಗದ ಮೇಲೆಯೇ ಚಿತ್ತಾಪುರವೂ ಸೇಡಂ ಊರೂ ಇವೆ. ಮುಂಬಯಿಯ ಕಡೆಯಿಂದ ರಾಯಚೂರಿನತ್ತ ಸಾಗುವ ಮಾರ್ಗದಲ್ಲಿ ಶಹಾಬಾದ್ ಮತ್ತು ವಾಡಿ ನೆರೆಹೊರೆಯ ಊರುಗಳು. ಎರಡು ಮಾರ್ಗಗಳೂ ವಾಡಿಯಲ್ಲಿ ಕೂಡುತ್ತವೆ. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿಯವರು ಬಸ್ಸಿನಲ್ಲಿ ಬರಬೇಕು. ಅವರ ಪ್ರಯಾಣದ ಭಾರವನ್ನು ಉಳಿದ ನಾಲ್ಕು ಊರುಗಳು ಹಂಚಿಕೊಂಡರೆ ಮಾತ್ರ ಒಪ್ಪಂದ ನ್ಯಾಯವಾಗುತ್ತದೆ.

ಐದು ತಂಡಗಳು ಒಂದೊಂದು ಸಲ ಎದುರಾದರೆ ಒಟ್ಟು ಹತ್ತು ಪಂದ್ಯಗಳು. ಒಂದು ರವಿವಾರಕ್ಕೆ ಎರಡು ಪಂದ್ಯದಂತೆ ಐದು ರವಿವಾರಗಳಲ್ಲಿ ಮುಗಿಯುತ್ತವೆ, ಪ್ರತಿ ಸಲವೂ ಒಂದು ತಂಡಕ್ಕೆ ಬಿಡುವಿರುತ್ತದೆ. ಆ ಬಿಡುವಿನ ತಂಡವೇ ಎರಡೂ ಪಂದ್ಯಗಳಿಗೆ ರೆಫರಿಗಳನ್ನು ಕಳುಹಿಸಿದರೆ ಪಕ್ಷಪಾತದ ಮಾತೇ ಏಳದು. ಗೆಲುವಿಗೆ ಮೂರು ಅಂಕ, ಸಮವಾದರೆ ತಲಾ ಒಂದು ಅಂಕ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಹವೆ ತಂಪಾಗಿರುವುದರಿಂದ ಆ ಕಾಲವೇ ಯೋಗ್ಯ. ಅದೇ ಸಮಯಕ್ಕೆ ತೊಗರಿಯ ರಾಶಿಯೂ ಬರುತ್ತದೆ. ಒಕ್ಕಲುತನದ ಮನೆಗಳ ಹುಡುಗರನ್ನು ಕೇಳದೆ ದಿನ ಗೊತ್ತುಮಾಡಬಾರದು. ರಾಶಿ ಬಿಟ್ಟು ಬಾ ಎಂದು ಕರೆಯುವ ತಂಡಕ್ಕೆ ಯಾವ ರೈತನೂ ಮಗನನ್ನು ಕಳುಹಿಸಲಾರ. ನಾಲ್ಕು ತಿಂಗಳಲ್ಲಿ ಬರುವ ಹದಿನೇಳು ರವಿವಾರಗಳಲ್ಲಿ ಐದನ್ನು ಆರಿಸುವುದು ಕಷ್ಟವೇನಲ್ಲ.

ಬಂದ ತಂಡಕ್ಕೆ ಊಟ ಹಾಕಿ ಕಳುಹಿಸುವ ಪದ್ಧತಿಯನ್ನು ಮೊದಲಿನಿಂದಲೇ ಹಾಕಿಕೊಳ್ಳಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಇಷ್ಟಾದರೆ ಹಬ್ಬವೇ ಸರಿ. ಮೈದಾನದಲ್ಲಿ ಕಾಲಿಗೆ ಕಾಲು ತಾಗಿಸಿದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ ಸಿಟ್ಟು ಅಲ್ಲಿಯೇ ತಣಿಯುತ್ತದೆ. ತಾಯಂದಿರಿಗೂ ಈ ನೆಪದಲ್ಲಿ ಮಕ್ಕಳ ಗೆಳೆಯರ ಪರಿಚಯವಾಗುತ್ತದೆ. ಮಗ ಯಾರೊಡನೆ ತಿರುಗುತ್ತಾನೆಂಬ ಚಿಂತೆ ಕಡಿಮೆಯಾಗುತ್ತದೆ.

ಎರಡನೆಯ ವರ್ಷ

ಇಷ್ಟೆಲ್ಲ ಮಾಡಿದರೂ ಮೊದಲ ವರ್ಷ ತಂಡ ಹೆಚ್ಚು ಪಂದ್ಯಗಳನ್ನು ಸೋಲಬಹುದು. ಅದರಿಂದ ಕೊರತೆಯೇನೂ ಇಲ್ಲ. ವರ್ಷದ ಕೊನೆಗೆ ಕಪ್ಪುಗಳನ್ನು ಎಣಿಸದೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲ ತಿಂಗಳು ಬಂದವರಲ್ಲಿ ಎಷ್ಟು ಜನ ಈಗಲೂ ಬರುತ್ತಿದ್ದಾರೆ? ಲೆಕ್ಕದ ಪುಸ್ತಕವನ್ನು ಯಾರು ಬೇಕಾದರೂ ತೆರೆದು ನೋಡಬಹುದೇ? ಕೆಲಸಕ್ಕೆಂದು ನಾಯಕ ಪುಣೆಗೋ ಹೈದರಾಬಾದಿಗೋ ಹೊರಟುಹೋದರೆ ಮರುವಾರ ಆಟ ನಡೆಯುತ್ತದೆಯೇ? ಮೂರಕ್ಕೂ ಸಮಾಧಾನದ ಉತ್ತರ ಬಂದರೆ ಆ ತಂಡ ಬೇರೂರಿತೆಂದೇ ತಿಳಿಯಬೇಕು.

ಆಟ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ಹೊತ್ತಿಗೆ ಸರಿಯಾಗಿ ಬರುವುದು, ಸಿಕ್ಕುದನ್ನು ಜೊತೆಗಾರನಿಗೆ ದಾಟಿಸುವುದು, ತನ್ನ ವಿರುದ್ಧ ಬಂದ ತೀರ್ಪಿಗೂ ತಲೆಬಾಗುವುದು, ಹಣಕ್ಕೆ ಲೆಕ್ಕ ಕೊಡುವುದು ಇವನ್ನು ಕಲಿತ ತರುಣ ಮನೆಗೂ ದುಡಿಯುವ ಸ್ಥಳಕ್ಕೂ ಬೇಕಾದವನಾಗುತ್ತಾನೆ. ನಮ್ಮ ಸೀಮೆಯ ಹಿರಿಯರು ಈ ತರುಣರಿಗೆ ಹಣಕ್ಕಿಂತ ಮೊದಲು ಒಂದು ಸಮತಟ್ಟಾದ ನೆಲವನ್ನೂ ಒಂದಿಷ್ಟು ವಿಶ್ವಾಸವನ್ನೂ ಕೊಡಲಿ. ಮುಂದಿನ ರವಿವಾರ ತಮ್ಮ ಊರಿನ ಮೈದಾನದತ್ತ ಒಮ್ಮೆ ನಡೆದು ಹೋಗಿ, ಆಡುತ್ತಿರುವವರನ್ನು ಮಾತನಾಡಿಸಿ ಬರಲಿ. ಐದೂ ಊರುಗಳ ತಂಡಗಳು ವರ್ಷದಿಂದ ವರ್ಷಕ್ಕೆ ನಿಲ್ಲಲಿ, ಬಾಳಲಿ ಎಂದು ಹಾರೈಸುತ್ತೇವೆ.